ಊಟದ ಜಗಳ

ಹಾಸ್ಟೆಲ್ಲಿನಲ್ಲಿ ಓದಿದವರಿಗೆಲ್ಲ ಮೆಸ್ಸಿನ ಜಗಳ ಗೊತ್ತು. ಸಾರು ನೀರಾಯಿತೆಂದು ತಟ್ಟೆ ಬಡಿಯುವುದು, ವಾರ್ಡನ್ ಬಂದು ಗದರುವುದು, ಎರಡು ದಿನ ಹಪ್ಪಳ ಹಾಕಿಸಿ ಎಲ್ಲ ತಣ್ಣಗಾಗುವುದು. ನಮ್ಮ ಕಾಲದ ಕ್ರಾಂತಿಗಳು ಬಹುಮಟ್ಟಿಗೆ ಹಪ್ಪಳದಲ್ಲೇ ಮುಗಿದವು. ಅದಕ್ಕೇ ಇರಬೇಕು, ಬ್ರೆಜಿಲ್ಲಿನ ಹುಡುಗರು ಬಂದೂಕು ಹಿಡಿದ ಕಥೆ ಓದುವಾಗಲೆಲ್ಲ ನನ್ನ ಮನಸ್ಸು ಬಂದೂಕನ್ನು ಬಿಟ್ಟು ಊಟದ ತಟ್ಟೆಯ ಸುತ್ತಲೇ ಸುಳಿಯುತ್ತದೆ.

ರಿಯೊ ಡಿ ಜನೈರೊ ನಗರದಲ್ಲಿ ಕಲಬೋಸು ಎಂಬ ವಿದ್ಯಾರ್ಥಿ ಭೋಜನಶಾಲೆಯಿತ್ತು. ಬಡ ಹುಡುಗರು ಅಗ್ಗದಲ್ಲಿ ಉಣ್ಣುವ ಜಾಗ. 1968ರ ಮಾರ್ಚ್ 28ರಂದು ಅಲ್ಲಿ ಪ್ರತಿಭಟನೆಗೆ ಸೇರಿದ್ದವರ ಮೇಲೆ ಪೊಲೀಸರು ನುಗ್ಗಿ ಗುಂಡು ಹಾರಿಸಿದರು. ಎಡ್ಸನ್ ಲೂಯಿಸ್ ಎಂಬ 18 ವರ್ಷದ ಹುಡುಗ ಸತ್ತ. ಅವನೇನು ದೊಡ್ಡ ನಾಯಕನಲ್ಲ. ದೂರದ ಬೆಲೆಂ ಕಡೆಯಿಂದ ಓದಲು ಬಂದಿದ್ದವನು. ಜೂನ್ 26ರಂದು ಅದೇ ಊರಿನಲ್ಲಿ ಲಕ್ಷ ಜನ ಶಾಂತವಾಗಿ ಮೆರವಣಿಗೆ ಹೋದರು. ವಿದ್ಯಾರ್ಥಿಗಳ ಜತೆಗೆ ತಾಯಂದಿರು, ಪಾದ್ರಿಗಳು, ಹಾಡುಗಾರರೂ ಇದ್ದರು.

1964ರಿಂದ ಆಳುತ್ತಿದ್ದ ಸೇನಾಡಳಿತ ಡಿಸೆಂಬರ್ 13ರಂದು ಐದನೆಯ ಸಾಂಸ್ಥಿಕ ಶಾಸನ ತಂದಿತು. ಸಂಸತ್ತಿಗೆ ಬೀಗ ಬಿತ್ತು. ರಾಜಕೀಯ ಕೈದಿಗಳಿಗೆ ಹೇಬಿಯಸ್ ಕಾರ್ಪಸ್ ಇಲ್ಲವಾಯಿತು. ಬಂದೂಕನ್ನೇ ನಂಬಿದ್ದ ಕೆಲವರು ಮೊದಲೇ ಇದ್ದರು. ಅವರ ಮಾತಿಗೆ ಈಗ ಕಿವಿಗಳು ಸಿಕ್ಕವು. (ನಮ್ಮಲ್ಲೂ ತುರ್ತುಪರಿಸ್ಥಿತಿಯಲ್ಲಿ ಬರೋಡ ಡೈನಮೈಟ್ ಪ್ರಕರಣ ನಡೆಯಿತಲ್ಲವೆ? ನಮ್ಮದು 21 ತಿಂಗಳಿಗೆ ಮುಗಿಯಿತು. ಅವರದು 21 ವರ್ಷ.)

ಮುಂದಿನದು ಒಂದೇ ದಿನದಲ್ಲಿ ಆದದ್ದಲ್ಲ. ತಲೆಮರೆಸಿಕೊಂಡವನು ಹೆಸರು ಬದಲಿಸಬೇಕು, ಮನೆಗೆ ಕಾಗದ ಬರೆಯಕೂಡದು. ಅಡಗುಮನೆಗೆ ಬಾಡಿಗೆ ಬೇಕು. ಅದಕ್ಕೆ ಬ್ಯಾಂಕು ಲೂಟಿ. ಸಿಕ್ಕಿಬಿದ್ದ ಗೆಳೆಯನಿಗೆ ಒಳಗೆ ಚಿತ್ರಹಿಂಸೆ. ಅವನನ್ನು ಬಿಡಿಸಲು ಇನ್ನೂ ದೊಡ್ಡ ಕೆಲಸ. ಇಲ್ಲಿ ದ್ವೇಷಕ್ಕಿಂತ ಗೆಳೆತನವೇ ಹೆಚ್ಚು ಕೆಲಸ ಮಾಡಿದೆ ಎಂದು ನನಗನ್ನಿಸುತ್ತದೆ. ಹೊರಗಿನವರು ಯಾರೂ ಮಾತಿಗೆ ಸಿಗದಿದ್ದಾಗ, ಬೇಡ ಕಣೋ ಎನ್ನುವವರಾದರೂ ಯಾರು?

1969ರ ಸೆಪ್ಟೆಂಬರ್ 4ರಂದು ಅವರು ಅಮೆರಿಕದ ರಾಯಭಾರಿ ಚಾರ್ಲ್ಸ್ ಎಲ್ಬ್ರಿಕ್‌ರನ್ನು ಹಗಲಲ್ಲೇ ಅಪಹರಿಸಿದರು. 48 ಗಂಟೆಯೊಳಗೆ ಒಪ್ಪದಿದ್ದರೆ ಕೊಲ್ಲುತ್ತೇವೆಂದರು. ಸರ್ಕಾರ ಮಣಿಯಿತು. 15 ಕೈದಿಗಳು ಮೆಕ್ಸಿಕೊಗೆ ಹೋದರು, ರಾಯಭಾರಿ ಮನೆಗೆ ಮರಳಿದರು. ಅಪಹರಣದ ಮುಂದಾಳನ್ನು ಅದೇ ತಿಂಗಳು ಸಾವೊ ಪಾಲೊದಲ್ಲಿ ಹಿಡಿದು ಹಿಂಸಿಸಿ ಕೊಂದರು. ಗೆದ್ದ ದಾರಿಯೆಂದು ಮತ್ತೆ ಮತ್ತೆ ಅಪಹರಣಗಳಾದವು. 1970ರ ಡಿಸೆಂಬರಿನಲ್ಲಿ ಸ್ವಿಸ್ ರಾಯಭಾರಿಯನ್ನು ಹಿಡಿಯುವಾಗ ಅವರ ಅಂಗರಕ್ಷಕನಿಗೆ ಗುಂಡು ಬಿತ್ತು. ಸತ್ತವನು ಬ್ರೆಜಿಲ್ಲಿನವನೇ, ಸಂಬಳಕ್ಕೆ ದುಡಿಯುವ ಪೊಲೀಸ್ ನೌಕರ.

ಅಂಥದೇ ಗುಂಪೊಂದರಲ್ಲಿದ್ದ ದಿಲ್ಮಾ ರುಸೆಫ್ 1970ರಲ್ಲಿ ಸೆರೆಯಾಗಿ, ಚಿತ್ರಹಿಂಸೆ ಉಂಡು, 2011ರಲ್ಲಿ ಜನರ ಮತದಿಂದ ರಾಷ್ಟ್ರಾಧ್ಯಕ್ಷೆಯಾದರು. ಅವರ ಕಾಲದ ಸತ್ಯ ಆಯೋಗ 2014ರಲ್ಲಿ, ಸರ್ಕಾರದ ಕೈಯಲ್ಲಿ ಸತ್ತ ಮತ್ತು ಕಾಣೆಯಾದ 434 ಜನರ ಪಟ್ಟಿ ಕೊಟ್ಟಿತು. ಅದರಲ್ಲಿ ಎಡ್ಸನ್ ಲೂಯಿಸ್ ಇದ್ದಾನೆ. ಅಂಗರಕ್ಷಕನಿಲ್ಲ. ಆಯೋಗ ವಿಚಾರಿಸಿದ್ದು ಸರ್ಕಾರದ ಪಾಪಗಳನ್ನು. ಆ ಲೆಕ್ಕದಲ್ಲಿ ಅದು ಸರಿಯೇ. ನಾನು ಮಾತ್ರ ಎಣಿಸುವಾಗ ಅವನನ್ನೂ ಸೇರಿಸಿಕೊಳ್ಳುತ್ತೇನೆ.