ನಿಜವಾದ ಸ್ವಾತಂತ್ರ್ಯ ಯಾವುದು?



ಆಗಸ್ಟ್ 15 ಅಂದರೆ ನಮ್ಮ ಮನೆಯವರಿಗೆ ಎರಡು ಹಬ್ಬ. ಒಂದು ದೇಶದ ಸ್ವಾತಂತ್ರ್ಯ ದಿನ, ಇನ್ನೊಂದು ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ. ಶಾಲೆಯಲ್ಲಿ ಬಾವುಟ ಹಾರಿಸಿ ಮಿಠಾಯಿ ತಿಂದು, ಇಗರ್ಜಿಗೂ ಹೋಗುತ್ತೇವೆ. ಅದಕ್ಕೇ ಮಾಷ್ಟ್ರು ನನ್ನ ಹತ್ತಿರ, "ನಿಮ್ಮ ಧರ್ಮದಲ್ಲಿ ಸ್ವಾತಂತ್ರ್ಯ ಅಂದ್ರೆ ಎಂತ ಅಂತ ಗೋಡೆ ಪತ್ರಿಕೆಗೆ ಬರಿ" ಅಂದರು.

ಯಾರೂ ಕೇಳುವವರಿಲ್ಲದೆ ಬೇಕಾದ್ದು ಮಾಡುವುದೇ ಸ್ವಾತಂತ್ರ್ಯ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ನನ್ನ ಚಿಕ್ಕಪ್ಪನೂ ಹಾಗೇ ಹೇಳುತ್ತಿದ್ದರು. ಅವರಿಗೆ ನಾವು ಕೊಂಕಣಿಯಲ್ಲಿ ಬಾಪ್ಪು ಅನ್ನುವುದು. ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುತ್ತಾರೆ. ಆಗ ತುಂಬಾ ಕುಡಿಯುತ್ತಿದ್ದರು. ಅಜ್ಜಿ ಬೈದರೆ, "ನನ್ನ ದುಡ್ಡು, ನನ್ನ ಬಾಯಿ. ನಂಗೆ ಸ್ವಾತಂತ್ರ್ಯ ಇಲ್ಯಾ?" ಎಂದು ಕೇಳುತ್ತಿದ್ದರು. ಮಳೆಗಾಲದಲ್ಲಿ ಬೋಟು ನಿಂತು ಸಂಪಾದನೆ ಇಲ್ಲದಿದ್ದರೂ ಸಾಲ ಮಾಡಿ ಕುಡಿದರು. ಒಂದು ಸಂಜೆ ಅಜ್ಜಿಯ ಮದ್ದಿನ ದುಡ್ಡೂ ಹೋಯಿತು. ರಾತ್ರಿ ಬಂದು ಜಗಲಿಯಲ್ಲಿ ಕೂತು ಅತ್ತರು. "ಹೋಪುದ್ ಬೇಡ ಅಂತ್ಲೇ ಇದ್ದೆ, ಕಾಲ್ ಹೋಯ್ತ್" ಅಂದರು.

ಯಾರೂ ಕಟ್ಟಿ ಹಾಕದ ಮನುಷ್ಯನಿಗೆ ತನ್ನ ಕಾಲಿನ ಮೇಲೇ ಅಧಿಕಾರ ಇಲ್ಲ! ಪಾಪ ಮಾಡುವವನು ಪಾಪಕ್ಕೆ ಗುಲಾಮನಾಗುತ್ತಾನೆ, ಬಿಡಿಸುವುದು ಸತ್ಯ ಎಂಬುದು ಯೇಸುಸ್ವಾಮಿಯ ಬೋಧನೆ. ಪೌಲರು ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಸಿಕ್ಕಿದ ಸ್ವಾತಂತ್ರ್ಯವನ್ನು ಸ್ವಂತ ಆಸೆಗಲ್ಲ, ಪ್ರೀತಿಯಿಂದ ಇನ್ನೊಬ್ಬರ ಸೇವೆಗೆ ಬಳಸಿ ಎನ್ನುತ್ತಾರೆ. ಸ್ವತಂತ್ರನಾದವನು ಸೇವಕ ಆಗುವುದು ಹೇಗೆ ಎಂದು ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದದ್ದು ನಮ್ಮ ಕುಂದಾಪುರದಲ್ಲಿ ಓಡಾಡಿದ ಒಬ್ಬ ಸಂತರ ಕಥೆಯಿಂದ.

ಅವರು ಸಂತ ಜೋಸೆಫ್ ವಾಜ್. 1651ರಲ್ಲಿ ಗೋವಾದ ಬೆಣವ್ಲಿಯಲ್ಲಿ ಹುಟ್ಟಿದರು. 1677ರಲ್ಲಿ ತಾನು ಮರಿಯಮ್ಮನವರ ದಾಸ ಎಂದು ಪತ್ರವನ್ನೇ ಬರೆದು ಕೊಟ್ಟರು. 1681ರಿಂದ ಸುಮಾರು ಮೂರು ವರ್ಷ ಕೆನರಾದಲ್ಲಿದ್ದು ಕುಂದಾಪುರದಲ್ಲೂ ಸೇವೆ ಮಾಡಿದರು. ಆಗ ಶ್ರೀಲಂಕಾದ ಕರಾವಳಿಯನ್ನು ಆಳುತ್ತಿದ್ದ ಡಚ್ಚರು ಕಥೋಲಿಕ ಗುರುಗಳನ್ನು ಒಳಗೆ ಬಿಡುತ್ತಿರಲಿಲ್ಲ. 1687ರಲ್ಲಿ ವಾಜರು ಕೂಲಿಯವನ ವೇಷದಲ್ಲಿ ಅಲ್ಲಿಗೆ ಹೋದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ರಾಜ ಅವರನ್ನು ಪೋರ್ಚುಗೀಸರ ಗೂಢಚಾರ ಎಂದು ಸೆರೆಗೆ ಹಾಕಿದ. ಸೆರೆಯಲ್ಲಿ ಅವರು ಕುಳಿತು ಅಳಲಿಲ್ಲ, ಸಿಂಹಳ ಭಾಷೆ ಕಲಿತರು! 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಬಂದು ಜನ ಓಡಿಹೋದಾಗ, ಅವರು ಅಲ್ಲೇ ಇದ್ದು ಜಾತಿ ಮತ ನೋಡದೆ ರೋಗಿಗಳ ಆರೈಕೆ ಮಾಡಿದರು. 1711ರಲ್ಲಿ ಅಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಓಡಿಹೋಗಲು ಎಲ್ಲರಿಗೂ ಸ್ವಾತಂತ್ರ್ಯ ಇತ್ತು. ಉಳಿಯುವ ಸ್ವಾತಂತ್ರ್ಯ ಹೆದರಿಕೆ ಬಿಟ್ಟವರಿಗೆ ಮಾತ್ರ ಇತ್ತು. ನಮ್ಮ ಕನಕದಾಸರು, ಪುರಂದರದಾಸರು ಕೂಡ ದೇವರಿಗೆ 'ದಾಸ'ರಾಗಿಯೇ ಯಾರಿಗೂ ಹೆದರದೆ ಹಾಡಿದರಲ್ಲವೇ?

ಹಾಗಾದರೆ 1947ರ ಸ್ವಾತಂತ್ರ್ಯ ಸಣ್ಣದಾ ಎಂದು ಕೇಳಬಹುದು. ಖಂಡಿತ ಅಲ್ಲ. ವಾಜರು ವೇಷ ಹಾಕಬೇಕಾಯಿತು. ನಮಗೆ ಸಂವಿಧಾನದ 25ನೇ ವಿಧಿ ಇದೆ, ಆದ್ದರಿಂದ ನಾನು ನನ್ನ ನಂಬಿಕೆಯನ್ನು ಈ ಗೋಡೆಯ ಮೇಲೆ ಧೈರ್ಯದಿಂದ ಬರೆಯುತ್ತಿದ್ದೇನೆ. ಹೊರಗಿನ ಬೀಗ ತೆಗೆಯಲು ಹಿರಿಯರು ಹೋರಾಡಿದರು. ಒಳಗಿನ ಬೀಗ ನಾವೇ ತೆಗೆಯಬೇಕು. ಒಬ್ಬರಿಂದ ಆಗದಿದ್ದರೆ ದೇವರ ಹತ್ತಿರ, ಮನೆಯವರ ಹತ್ತಿರ ಸಹಾಯ ಕೇಳಬೇಕು.

ಬಾಪ್ಪು ಈಸ್ಟರ್ ಹಬ್ಬದ ಮೊದಲಿನ 40 ದಿನದ ತಪಸ್ಸು ಕಾಲದಲ್ಲಿ ಕುಡಿತ ಬಿಟ್ಟರು. ಇದು ನಾಲ್ಕನೇ ವರ್ಷ. ಈಗಲೂ ಸಂಜೆ ಆ ಅಂಗಡಿಯ ದಾರಿ ಬಿಟ್ಟು ಗದ್ದೆ ಅಂಚಿನಲ್ಲಿ ಸುತ್ತಿ ಬರುತ್ತಾರೆ. "ಒಂದ್ ಸಲ ಬಿಟ್ರೆ ಆತಿಲ್ಲ, ದಿನಾ ಬಿಡ್ಕ್" ಅನ್ನುತ್ತಾರೆ. ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಈಗ ಅವರೇ. ಇದನ್ನು ಬರೆಯಲಾ ಎಂದು ಕೇಳಿದೆ. "ಬರಿ ಮಗಾ, ಊರಿಗ್ ಗೊತ್ತಿಲ್ದೆ ಇಪ್ದ್ ಎಂತ ಇತ್ತ್?" ಎಂದು ನಕ್ಕರು.

ಸ್ನೇಹಿತರೇ, ನಮ್ಮನ್ನೂ ಯಾವುದೋ ಒಂದು ಹಿಡಿದುಕೊಂಡಿರಬಹುದು. ಮೊಬೈಲ್ ಇರಬಹುದು, ಸಿಟ್ಟು ಇರಬಹುದು, ನಾಲ್ಕು ಜನ ನಗುತ್ತಾರೆಂಬ ಹೆದರಿಕೆ ಇರಬಹುದು. ಅದು ಯಾವುದೆಂದು ಇವತ್ತು ಗುರುತಿಸಿದರೆ, ನಾಳೆ ಸುತ್ತಿನ ದಾರಿ ಹಿಡಿಯಬಹುದು.