ಮಸೀನಾ ಎಂಬ ಮುಖ

ಇಟಲಿಯ ನಟಿ ಜುಲಿಯೆಟ್ಟಾ ಮಸೀನಾಳ ಚಿತ್ರಗಳನ್ನು ದನಿ ಪೂರ್ತಿ ಅಡಗಿಸಿ ನೋಡುವುದು ನನಗೆ ಪ್ರಾಣ. ಆಕೆಯ ಕಾಲದ ಇಟಲಿಯಲ್ಲಿ ಚಿತ್ರೀಕರಣ ಮುಗಿದ ಮೇಲೆ ಮಾತು ಕೂಡಿಸುವುದೇ ರೂಢಿ. 'ಲಾ ಸ್ತ್ರಾದಾ'ದ ಆಂಟನಿ ಕ್ವಿನ್‌ಗಂತೂ ಬೇರೊಬ್ಬರ ಕಂಠ. ಆದ್ದರಿಂದ ಮಾತನ್ನು ಕೊಂಚ ಬದಿಗಿಟ್ಟರೆ ನಷ್ಟವಿಲ್ಲ, ಹುಬ್ಬು, ಭುಜ, ನಡಿಗೆಗಳೆಲ್ಲ ಇನ್ನಷ್ಟು ನಿಚ್ಚಳವಾಗುತ್ತವೆ.

1954ರ ಆ ಚಿತ್ರದಲ್ಲಿ ಆಕೆ ಜೆಲ್ಸೊಮಿನಾ. 10,000 ಲೀರಾಕ್ಕೆ ಹೆತ್ತ ತಾಯಿಯೇ ಮಾರಿದ ಹುಡುಗಿ. ಎದೆಯುಬ್ಬಿಸಿ ಸರಪಳಿ ಹರಿಯುವ ಝಂಪಾನೋ (ಕ್ವಿನ್) ಎಂಬ ಒರಟನ ಜೊತೆ ಊರೂರು ಅಲೆಯುತ್ತಾಳೆ. ಒಂದು ಕಡೆ ದಾರಿಬದಿಯ ಬೋಳು ಮರ ಕಂಡವಳೇ ಅದರ ಹಾಗೆಯೇ ತೋಳು ಚಾಚಿ ನಿಂತುಬಿಡುತ್ತಾಳೆ. ಕತೆಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಆದರೂ ಇವಳು ಲೋಕವನ್ನು ಮೈಯಿಂದಲೇ ತಿಳಿಯುವವಳು ಎಂಬುದು ಅಲ್ಲೇ ಗೊತ್ತಾಗಿಹೋಗುತ್ತದೆ. ಮಗುವಿನಂಥ ಆ ಪಾತ್ರ ಮಾಡುವಾಗ ಮಸೀನಾಗೆ ಮೂವತ್ತು ದಾಟಿತ್ತು.

ಆಕೆ ಹುಟ್ಟಿದ್ದು 1921ರಲ್ಲಿ, ಬೊಲೊನ್ಯಾ ಸಮೀಪದ ಸಾನ್ ಜೋರ್ಜೊ ದಿ ಪಿಯಾನೊದಲ್ಲಿ. ಇಂಥ ಮುಖದವಳಿಗೆ ಮೊದಲು ಹೆಸರು ತಂದದ್ದು ರೇಡಿಯೊ! ಅಲ್ಲಿ ಆಕೆಗಾಗಿ ಬರೆಯುತ್ತಿದ್ದ, ಮುಂದೆ ಈ ಚಿತ್ರಗಳ ನಿರ್ದೇಶಕನಾದ ಫೆಡೆರಿಕೊ ಫೆಲಿನಿಯನ್ನು 1943ರಲ್ಲಿ ಮದುವೆಯಾದಳು. ಫೆಲಿನಿಯ ಹೆಂಡತಿ ಎಂದಷ್ಟೇ ಆಕೆಯನ್ನು ಪರಿಚಯಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ. ಈ ಮುಖವಿಲ್ಲದೆ 'ಲಾ ಸ್ತ್ರಾದಾ' ಎಲ್ಲಿತ್ತು? 1986ರ 'ಜಿಂಜರ್ ಅಂಡ್ ಫ್ರೆಡ್'ನಲ್ಲಿ ಮಾತ್ರ ನಾನು ದನಿ ಏರಿಸಲೇಬೇಕು. ಟಿವಿ ಸ್ಟುಡಿಯೊದಲ್ಲಿ ಕರೆಂಟು ಹೋಗಿ, ಆಕೆಯೂ ಜೊತೆನಟ ಮಾಸ್ತ್ರೊಯಾನಿಯೂ ಕತ್ತಲಲ್ಲಿ ಕೂತು ಪಿಸುಗುಡುವಾಗ ರೇಡಿಯೊದಲ್ಲಿ ನುರಿತ ಹಳೆಯ ದನಿ ಎದ್ದು ಕೇಳುತ್ತದೆ.

1957ರ 'ನೈಟ್ಸ್ ಆಫ್ ಕಬೀರಿಯಾ' ಆಕೆಗೆ ಕಾನ್ ಉತ್ಸವದ ಶ್ರೇಷ್ಠ ನಟಿ ಪ್ರಶಸ್ತಿ ತಂದಿತು. ಬೀದಿ ವೇಶ್ಯೆ ಕಬೀರಿಯಾ ಜಗಳಗಂಟಿ. ಅಡ್ಡಕ್ಕೆ ಗೀಚಿದ ಹುಬ್ಬುಗಳಲ್ಲೇ ಬೀದಿಗೆಲ್ಲ ಸವಾಲು ಹಾಕುವವಳು. ಎಲ್ಲರೂ ಹೊಗಳುವುದು ಕೊನೆಯ ದೃಶ್ಯವನ್ನು: ಇದ್ದುದೆಲ್ಲ ಕಳೆದುಕೊಂಡವಳು ಕಾಡಿನ ದಾರಿಯಲ್ಲಿ ಹಾಡುವ ಹರೆಯದವರ ನಡುವೆ ನಡೆಯುತ್ತಾಳೆ, ಕಪ್ಪಿಳಿದ ಕೆನ್ನೆಯಲ್ಲೇ ನಗುತ್ತಾಳೆ, ಒಂದೇ ಒಂದು ಗಳಿಗೆ ಆ ನೋಟ ನಮ್ಮತ್ತ ಹಾಯುತ್ತದೆ. ನಾನು ಮತ್ತೆ ಮತ್ತೆ ಹೋಗುವುದು ಅದಕ್ಕೂ ಹಿಂದಿನ, ಸಮ್ಮೋಹಿನಿ ಮಾಡುವ ಜಾದೂಗಾರನ ರಂಗಕ್ಕೆ. ಅವನ ವಶವಾದ ಕಬೀರಿಯಾ ಇಲ್ಲದ ಹೂಗಳನ್ನು ಕೀಳುತ್ತಾಳೆ, ಇಲ್ಲದ ಪ್ರಿಯಕರನೊಡನೆ ಮಾತಾಡುತ್ತಾಳೆ. ಹುಬ್ಬು ಸಡಿಲಗೊಂಡು ಮುಖಕ್ಕೆ ಹದಿನೆಂಟು ತುಂಬುತ್ತದೆ. ಎಚ್ಚರವಾದಾಗ ಸುತ್ತ ನಗೆ. ಹುಬ್ಬು ಮತ್ತೆ ಬಿಗಿ. ಕಾಡಿನ ದಾರಿಯಲ್ಲಿ ಕೊನೆಗೆ ನಗುವುದು ಆ ಹದಿನೆಂಟರ ಮುಖವೇ. ರಂಗದ ದೃಶ್ಯವನ್ನು ಮನಸ್ಸಿಟ್ಟು ನೋಡಿದವರಿಗೆ ಅದು ತಟ್ಟನೆ ಗುರುತು ಸಿಗುತ್ತದೆ.