ಮಗ್ಗುಲಲ್ಲಿ ಕುಳಿತ ಎದುರಾಳಿ

ನರಗುಂದವೆಂದರೆ 1858ರ ಬಾಬಾಸಾಹೇಬನ ಬಂಡಾಯ, 1980ರ ರೈತಹೋರಾಟ. ಗಜೇಂದ್ರಗಡವೆಂದರೆ ಗುಡ್ಡದ ಮೇಲಿನ ಕೋಟೆ, ಕಾಲಕಾಲೇಶ್ವರನ ಕ್ಷೇತ್ರ. ರೋಣವೆಂದರೆ ದ್ರೋಣಪುರವೆಂಬ ಹಳೆಯ ಹೆಸರು, ಪುರಾತನ ದೇಗುಲಗಳು. ಇತಿಹಾಸ ಬರೆಯುವವರು ಇಷ್ಟನ್ನು ತಪ್ಪದೆ ಹೇಳುತ್ತಾರೆ. ಆದರೆ ಈ ಮೂರೂ ಊರುಗಳ ಹುಡುಗರು ಒಂದೇ ಕೋಣೆಯಲ್ಲಿ ಕುಳಿತು ಆಡಿದ ಕಾಲವೊಂದಿತ್ತು. ಅದಕ್ಕೆ ಶಾಸನವಿಲ್ಲ.

ಆ ಕೋಣೆ ರೋಣದ ಒಂದು ಸೈಬರ್ ಕೆಫೆ. ಒಡೆಯ ಜೈನ ಮನೆತನದವನು. ಆರು ಕಂಪ್ಯೂಟರುಗಳು, ಒಂದು ಹಬ್, ಗೋಡೆಯಂಚಿಗೆ ಹರಿದ ಕೇಬಲ್ಲುಗಳು. ಇಂಟರ್‌ನೆಟ್ ಬಂದರೆ ಬಂದಿತು, ಇಲ್ಲದಿದ್ದರೆ ಇಲ್ಲ. ಆಟಕ್ಕೆ ಅದು ಬೇಕಿರಲಿಲ್ಲ. ಒಂದು ಯಂತ್ರ ಆತಿಥೇಯ, ಉಳಿದವು ಅತಿಥಿಗಳು. 1993ರ ಡೂಮ್ ಆಟ ನಾಲ್ವರನ್ನು ಹೀಗೆ ಒಂದೇ ಜಾಲದಲ್ಲಿ ಕೂಡಿಸಿತ್ತು. ರೋಣದ ಹುಡುಗರ ಪಾಲಿಗೆ ಅದು ಕೌಂಟರ್ ಸ್ಟ್ರೈಕ್.

ಒಡೆಯನ ತಾಯಿಗೆ ಇದು ಒಪ್ಪಿಗೆಯಾಗಲಿಲ್ಲ. “ಕೊಲ್ಲೋ ಆಟಕ್ಕ ರೊಕ್ಕ ತಗೋತಿಯೇನಪಾ? ಯಶೋಧರ ಕೊಂದದ್ದೂ ಹಿಟ್ಟಿನ ಕೋಳಿನs ಅಲ್ಲೇನು?” ಎಂದು ಆಕೆ ಕೇಳಿದಳು. ಜನ್ನನ ಯಶೋಧರ ಚರಿತೆಯನ್ನು ಬಲ್ಲವರಿಗೆ ಈ ಪ್ರಶ್ನೆಯ ಭಾರ ತಿಳಿಯುತ್ತದೆ. ಕೋಳಿ ಹಿಟ್ಟಿನದಾದರೂ ಸಂಕಲ್ಪ ಹಿಂಸೆಯದೇ. ಅದರ ಫಲವಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಮಗ ನಿರುತ್ತರನಾದ.

ಉತ್ತರ ದೊರೆತದ್ದು ಒಂದು ಸಂಜೆ. ಸೋತ ನರಗುಂದದ ಹುಡುಗ ಕುರ್ಚಿ ತಳ್ಳಿ ಎದ್ದು, ಗಜೇಂದ್ರಗಡದವನ ಅಂಗಿ ಹಿಡಿದ. ಬೈಗುಳ ಕೊಠಡಿಯನ್ನು ತುಂಬಿತು. ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲೆಯಲ್ಲಿ ಇಬ್ಬರೂ ಸುಮ್ಮನೆ ಕುಳಿತರು. ಕೊನೆಯ ಬಸ್ಸಿನ ಹೊತ್ತಿಗೆ ಒಬ್ಬನ ದನಿ ಕೇಳಿತು: “ತಪ್ಪಾತೋ ದೋಸ್ತ.” ಕೊಂದದ್ದು ಬೊಂಬೆಯನ್ನು, ಆದರೆ ಬೇಡಿದ ಕ್ಷಮೆ ಬೊಂಬೆಯದಾಗಿರಲಿಲ್ಲ.

ಮುಂದೆ ಜಗತ್ತು ಬದಲಾಯಿತು. 1998ರ ಸ್ಟಾರ್‌ಕ್ರಾಫ್ಟ್ ಸ್ಥಳೀಯ ಜಾಲದಲ್ಲಿ ಆಡಲು ಬರುತ್ತಿತ್ತು. 2010ರ ಎರಡನೆಯ ಭಾಗದಲ್ಲಿ ಆ ಸೌಲಭ್ಯವೇ ಇರಲಿಲ್ಲ. ಪಕ್ಕದ ಕುರ್ಚಿಯವನೊಡನೆ ಆಡಲೂ ದೂರದ ಸರ್ವರಿನ ಅನುಮತಿ ಬೇಕಾಯಿತು. ನಕಲಿ ಪ್ರತಿಗಳನ್ನು ತಡೆಯಲೂ ಆಟಗಾರರನ್ನು ತಮ್ಮ ಹಿಡಿತದಲ್ಲಿಡಲೂ ಕಂಪನಿಗಳಿಗೆ ಅದೇ ಅನುಕೂಲ. 2016ರಲ್ಲಿ ಜಿಯೊ ಬಂದು ಅಗ್ಗದ ಡೇಟಾ ಹಳ್ಳಿಹಳ್ಳಿಗೂ ಹರಿಯಿತು. ಹಾಟ್‌ಸ್ಪಾಟ್ ಹಚ್ಚಿ ಮಿನಿ ಮಿಲಿಷಿಯಾ ಆಡುತ್ತಿದ್ದ ಗುಂಪುಗಳೂ ಕ್ರಮೇಣ ಕರಗಿ, ಪಬ್‌ಜಿಯ ನೂರು ಜನರ ರಣರಂಗಕ್ಕೆ ಸೇರಿದವು. 2020ರಲ್ಲಿ ಸರಕಾರ ಅದನ್ನು ನಿಷೇಧಿಸಿದಾಗ ಆಟವೇ ಕೈತಪ್ಪಿತು. ಕೇಬಲ್ಲಿನ ಆಟವನ್ನು ಹಾಗೆ ದೂರದಿಂದ ನಿಲ್ಲಿಸಲು ಯಾರಿಗೂ ಸಾಧ್ಯವಿರಲಿಲ್ಲ.

ಕೆಫೆ ಈಗ ಜೆರಾಕ್ಸ್ ಅಂಗಡಿ. ಹಬ್ ಅಟ್ಟದ ಮೇಲಿದೆ. ತಾಯಿ ತೀರಿಕೊಂಡಿದ್ದಾಳೆ, ಆಕೆಯ ಪ್ರಶ್ನೆ ಮನೆಯಲ್ಲಿಯೇ ಉಳಿದಿದೆ. ದಶಲಕ್ಷಣ ಪರ್ವ ಮುಗಿದ ಕ್ಷಮಾವಣಿಯ ದಿನ ಒಡೆಯನ ಮೊಬೈಲಿಗೆ ಕ್ಷಮೆ ಬೇಡುವ ಸಂದೇಶಗಳು ಸಾಲಾಗಿ ಬರುತ್ತವೆ, ಬಹುತೇಕ ಒಂದೇ ಚಿತ್ರ, ಒಂದೇ ಒಕ್ಕಣೆ. ಒಳಕೋಣೆಯಲ್ಲಿ ಮಗ ಕಿವಿಗೆ ಹೆಡ್‌ಫೋನ್ ಏರಿಸಿ, ಹೆಸರೂ ಊರೂ ತಿಳಿಯದ ಯಾರನ್ನೋ ಬೈಯುತ್ತಿರುತ್ತಾನೆ. ಹಿಟ್ಟಿನ ಕೋಳಿ ಇಂದಿಗೂ ಇದೆ. ತಪ್ಪಾಯಿತೆನ್ನಲು ಮಗ್ಗುಲಲ್ಲಿ ಯಾರೂ ಇಲ್ಲ.

ಕಳೆದ ಕ್ಷಮಾವಣಿಯಂದು ಒಡೆಯ ಒಂದೂ ಸಂದೇಶ ಕಳಿಸಲಿಲ್ಲ. ಬಸ್ಸು ಹತ್ತಿ ನರಗುಂದಕ್ಕೆ ಹೋದ. ಅಂಗಿ ಹಿಡಿದಿದ್ದ ಆ ಹುಡುಗ ಈಗ ಅಲ್ಲಿ ಅಂಗಡಿಕಾರ. ಇವನನ್ನು ಕಂಡು ಎದ್ದು ನಿಂತು, “ಬರ್ರಿ ಅಣ್ಣಾರ, ಕೂಡ್ರಿ” ಎಂದು ಪಕ್ಕದ ಕುರ್ಚಿಯನ್ನು ಎಳೆದ.